ಕ್ಯಾಮೆರಾ ಕೊಳ್ಳುವ ಮೊದಲು ಫಾರಂ ಬದಲಿಸಿ: ಜ್ಞಾನ ಭಾರತಂ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಕೇಂದ್ರ ಸಂಸ್ಕೃತಿ ಸಚಿವಾಲಯದ ಜ್ಞಾನ ಭಾರತಂ ಮಿಷನ್ ಅಧಿಕಾರಿಗಳಿಗೆ, ಮತ್ತು ಕರ್ನಾಟಕದಲ್ಲಿ ಈ ಕೆಲಸಕ್ಕೆ ಕೈಹಾಕಲಿರುವ ಇಲಾಖೆ, ವಿಶ್ವವಿದ್ಯಾಲಯ, ಮಠ, ಬಸದಿಗಳ ಹಿರಿಯರಿಗೆ,

ಮಾನ್ಯರೇ,

2025ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ನಿಮ್ಮ ಮಿಷನ್ ಘೋಷಣೆಯಾಯಿತು. ಒಂದು ಕೋಟಿಗೂ ಜಾಸ್ತಿ ಹಸ್ತಪ್ರತಿಗಳನ್ನು ಹುಡುಕಿ, ದಾಖಲಿಸಿ, ಕಾಪಾಡುವ ಗುರಿ ಅಂದರು. ಕೇಳಿ ಖುಷಿಯಾಯಿತು. ನಾನು ಮೈಸೂರು ಕಡೆಯವನು. ತಾಳೆಗರಿ ಕಟ್ಟು ಬಿಚ್ಚಿ, ದೂಳು ತೆಗೆದು, ಗರಿ ಎಣಿಸಿ, ಕ್ಯಾಮೆರಾ ಕೆಳಗಿಡುವ ಕೆಲಸ ಮಾಡಿಕೊಂಡು ಬಂದವನು. ಪಂಡಿತನೇನಲ್ಲ. ಆದರೆ ಯಾವ ಕಟ್ಟು ಹೇಗೆ ಹಾಳಾಗುತ್ತದೆ, ಯಾವ ಕಟ್ಟು ಪಟ್ಟಿಗೇ ಸೇರದೆ ಹೋಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಈ ಪತ್ರ ಬೌದ್ಧ ಗ್ರಂಥಗಳ ಬಗ್ಗೆ. ನಿಮ್ಮ ಸಮೀಕ್ಷೆ ಎಡವಿದರೆ ಮೊದಲು ಎಡವುವುದು ಇವುಗಳ ಹತ್ತಿರವೇ ಎಂದು ನನ್ನ ಅನಿಸಿಕೆ. ದುಡ್ಡಿನ ಕೊರತೆ ಅದಕ್ಕೆ ಕಾರಣ ಆಗಲಾರದು. ಹಳೆಯ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಇಟ್ಟುಕೊಂಡಿದ್ದ ವ್ಯಾಖ್ಯೆಯನ್ನೂ ಲೆಕ್ಕದ ಕ್ರಮವನ್ನೂ ಹಾಗೇ ಮುಂದುವರಿಸಿದರೆ ಬೌದ್ಧ ಗ್ರಂಥಗಳ ದೊಡ್ಡ ರಾಶಿ ಫಾರಂನಿಂದಲೇ ಹೊರಗೆ ಬೀಳುತ್ತದೆ. ಫಾರಂನಲ್ಲಿ ಇಲ್ಲದ್ದು ಕ್ಯಾಮೆರಾ ಹತ್ತಿರ ಬರುವುದೇ ಇಲ್ಲ.

ವಚನದ ಕಟ್ಟು ಬೇಕೆಂದರೆ ವಿರಕ್ತಮಠಗಳಿವೆ. ಜೈನ ಗ್ರಂಥಕ್ಕೆ ಮೂಡುಬಿದಿರೆ ಇದೆ, ಶ್ರವಣಬೆಳಗೊಳ ಇದೆ. ಹಳೆಯ ಬೌದ್ಧ ಗ್ರಂಥಕ್ಕೆ ಯಾರ ಮನೆ ಬಾಗಿಲು ತಟ್ಟುವುದು? ಬಳ್ಳಿಗಾವಿಯ 1065ರ ಶಾಸನ ನೋಡಿ. ರೂಪಭಟ್ಟಯ್ಯ ಎಂಬಾತ ಅಲ್ಲಿ ಜಯಂತಿ ಪ್ರಬುದ್ಧ ವಿಹಾರ ಕಟ್ಟಿಸಿದ, ಬೌದ್ಧರ ದೇವಿ ತಾರಾ ಭಗವತಿಯ ಪೂಜೆಗೆ ದತ್ತಿ ಬಿಟ್ಟ. ಗದಗದ ಹತ್ತಿರ ಡಂಬಳದಲ್ಲಿ 1095ರ ಶಾಸನ. ಅಲ್ಲೂ ವಿಹಾರ, ಅಲ್ಲೂ ತಾರೆ, ಕಟ್ಟಿಸಿದವರು ಊರಿನ ಸೆಟ್ಟರು. ಮಂಗಳೂರು ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿ 968ರ ಬರಹ. ವಿಹಾರ ಇದ್ದಮೇಲೆ ಭಿಕ್ಷುಗಳು ಇದ್ದರು. ಭಿಕ್ಷುಗಳು ಇದ್ದಮೇಲೆ ಪುಸ್ತಕವೂ ಇರಲೇಬೇಕು, ಅಲ್ವಾ? ಕಲ್ಲು ನಮ್ಮ ಕೈಗೆ ಸಿಕ್ಕಿತು. ಅವರು ಓದುತ್ತಿದ್ದ ಗರಿ ಸಿಗಲಿಲ್ಲ. ಓದುವವರು ಊರು ಬಿಟ್ಟಮೇಲೆ ಗರಿಯನ್ನು ನಕಲು ಮಾಡುವವರು ಇರುವುದಿಲ್ಲ. ನಮ್ಮ ಹವೆಯಲ್ಲಿ ನಕಲಾಗದ ತಾಳೆಗರಿ ಕೆಲವು ನೂರು ವರ್ಷ ಬಾಳಿದರೆ ಅದೇ ಹೆಚ್ಚು.

ಹಾಗಾಗಿ ಭಾರತದ ಬೌದ್ಧ ಗ್ರಂಥಗಳು ಉಳಿದದ್ದು ಹೆಚ್ಚಾಗಿ ಬೇರೆಯವರ ಮನೆಯಲ್ಲಿ. ನಾಲಂದದಲ್ಲಿ ಬರೆದದ್ದು ಎಂದು ಪುಷ್ಪಿಕೆಯಲ್ಲೇ, ಅಂದರೆ ಬರೆದವರ ಕೊನೆಯ ಟಿಪ್ಪಣಿಯಲ್ಲೇ, ಹೇಳುವ ಪ್ರಜ್ಞಾಪಾರಮಿತಾ ಎಂಬ ಮಹಾಯಾನ ಸೂತ್ರದ ಪ್ರತಿಗಳು ಇವತ್ತು ಕೋಲ್ಕತಾದ ಏಷಿಯಾಟಿಕ್ ಸೊಸೈಟಿಯಲ್ಲಿವೆ, ಆಕ್ಸ್‌ಫರ್ಡಿನಲ್ಲಿವೆ. ನಾಲಂದದಲ್ಲಿ ಮಾತ್ರ ಇಲ್ಲ. ಆಗಿನ ಕಾಶ್ಮೀರ ಸಂಸ್ಥಾನದ ಗಿಲ್ಗಿಟ್ ಹತ್ತಿರದ ನೌಪುರದಲ್ಲಿ 1931ರಲ್ಲಿ ಒಂದು ಹಾಳು ಕಟ್ಟಡದೊಳಗೆ ಭೂರ್ಜಪತ್ರದ (ಮರದ ತೊಗಟೆಯ) ಗ್ರಂಥಗಳ ರಾಶಿ ಸಿಕ್ಕಿತು. ದೇಶ ವಿಭಜನೆಯ ಗಲಾಟೆಯ ಕಾಲಕ್ಕೆ ಅದರ ದೊಡ್ಡ ಭಾಗ ಶ್ರೀನಗರದಿಂದ ದಿಲ್ಲಿಗೆ ಬಂದು ಈಗ ರಾಷ್ಟ್ರೀಯ ಪತ್ರಾಗಾರದಲ್ಲಿದೆ. 2017ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೂ ಸೇರಿತು. ಗಿಲ್ಗಿಟ್ ಚಳಿ, ಒಣ ಹವೆ ಅದನ್ನು ಕಾಪಾಡಿತು. ಸಾವಿರಕ್ಕೂ ಜಾಸ್ತಿ ವರ್ಷ.

ಇವೆಲ್ಲ ಪ್ರಸಿದ್ಧವಾದವು, ಯಾರೂ ಮರೆಯುವುದಿಲ್ಲ. ನನ್ನ ಚಿಂತೆ ಪ್ರಸಿದ್ಧವಲ್ಲದವುಗಳ ಬಗ್ಗೆ.

ಶಾಂತರಕ್ಷಿತ ಎಂಟನೇ ಶತಮಾನದ ಬೌದ್ಧ ಪಂಡಿತ. ಅವನ ತತ್ತ್ವಸಂಗ್ರಹದ ಸಂಸ್ಕೃತ ಪ್ರತಿ ಎಲ್ಲಿ ಸಿಕ್ಕಿತು ಗೊತ್ತೇ? ಪಾಟಣ ಮತ್ತು ಜೈಸಲ್ಮೇರಿನ ಜೈನ ಭಂಡಾರಗಳಲ್ಲಿ. ಅದನ್ನು ಆಧಾರವಾಗಿಟ್ಟು 1926ರಲ್ಲಿ ಬರೋಡಾದಲ್ಲಿ ಅಚ್ಚು ಮಾಡಿದರು. ಆರ್ಯಮಂಜುಶ್ರೀಮೂಲಕಲ್ಪ ಎಂಬ ದೊಡ್ಡ ಬೌದ್ಧ ತಂತ್ರಗ್ರಂಥ ಸಿಕ್ಕಿದ್ದು ತೀರಾ ದಕ್ಷಿಣದ ಪದ್ಮನಾಭಪುರದ ಹತ್ತಿರ. ಟಿ. ಗಣಪತಿ ಶಾಸ್ತ್ರಿಗಳು 1920ರಿಂದ 1925ರ ನಡುವೆ ತಿರುವನಂತಪುರದಿಂದ ಅದನ್ನು ಪ್ರಕಟಿಸಿದರು. ಸುತ್ತಮುತ್ತ ಒಬ್ಬ ಬೌದ್ಧನೂ ಇಲ್ಲದ ಕಡೆ ಅಷ್ಟು ದೊಡ್ಡ ಗ್ರಂಥ ಸುಮ್ನೆ ಕೂತಿತ್ತು.

ಜೈನರು ಬೌದ್ಧ ಗ್ರಂಥ ಯಾಕೆ ಇಟ್ಟುಕೊಂಡರು? ವಾದ ಮಾಡಲು. ಎದುರಾಳಿ ಏನು ಹೇಳಿದ್ದಾನೆ ಎಂದು ತಿಳಿಯದೆ ಖಂಡಿಸುವುದು ಹೇಗೆ? ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನದಲ್ಲಿ ಜೈನ ತಾರ್ಕಿಕ ಅಕಳಂಕನು ಬೌದ್ಧರನ್ನು ವಾದದಲ್ಲಿ ಗೆದ್ದ ಕಥೆ ಇದೆ. ತಾರಾದೇವಿ ಗಡಿಗೆಯೊಳಗೆ ಕೂತಿದ್ದಳು, ಅವನು ಅದನ್ನು ಒಡೆದ ಎನ್ನುವ ಕಥೆ ನಮ್ಮ ಕಡೆ ಹಲವರಿಗೆ ಗೊತ್ತು. ಕಥೆ ಹಾಗಿರಲಿ. ಅಕಳಂಕನ ಗ್ರಂಥಗಳಲ್ಲಿ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಜೊತೆ ಜಗಳ ಪುಟಪುಟದಲ್ಲೂ ಇದೆ. ಧರ್ಮಕೀರ್ತಿಯನ್ನು ಓದದೆ ಅಕಳಂಕ ಅರ್ಥವಾಗುವುದಿಲ್ಲ. ಅಂದರೆ ಕರ್ನಾಟಕದ ಬಸದಿಗಳಲ್ಲೂ ಮಠಗಳಲ್ಲೂ ಬೌದ್ಧ ತರ್ಕದ ಗ್ರಂಥಗಳು ಒಂದು ಕಾಲಕ್ಕೆ ಇದ್ದಿರಬೇಕು. ಯಾವುದೋ ಕಟ್ಟಿನ ನಡುವೆ ಹತ್ತು ಗರಿ ಇವತ್ತಿಗೂ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಈಗ ಸಮೀಕ್ಷೆಯವರು ಒಂದು ಬಸದಿಗೆ ಹೋಗುತ್ತಾರೆ ಎಂದುಕೊಳ್ಳಿ. ಕಟ್ಟು ಬಿಚ್ಚುತ್ತಾರೆ. ಮೊದಲ ಗರಿ ನೋಡುತ್ತಾರೆ. ವಿಷಯದ ಕಾಲಂನಲ್ಲಿ ‘ಜೈನ ನ್ಯಾಯ’ ಎಂದು ಬರೆದು ಮುಂದೆ ಹೋಗುತ್ತಾರೆ. ಮಧ್ಯದಲ್ಲಿ ಇನ್ನೊಂದು ಗ್ರಂಥ ಶುರುವಾಗಿದ್ದರೆ ಅದು ಅಲ್ಲಿಗೆ ಮುಗಿಯಿತು. ಒಂದೇ ಕಟ್ಟಿನಲ್ಲಿ ನಾಲ್ಕೈದು ಗ್ರಂಥ ಇರುವುದು ನಮ್ಮ ಕಡೆ ತೀರಾ ಮಾಮೂಲು. ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ಮಾಲೀಕರ ಮತ ನೋಡಿ ವಿಷಯ ಬರೆಯುವುದನ್ನು ನಿಲ್ಲಿಸಿ. ಕಟ್ಟಿಗೊಂದು ಸಾಲು ಬೇಡ, ಗ್ರಂಥಕ್ಕೊಂದು ಸಾಲು ಇರಲಿ. ಪ್ರತಿ ಗ್ರಂಥದ ಮೊದಲ ವಾಕ್ಯ, ಕೊನೆಯ ವಾಕ್ಯ, ಪುಷ್ಪಿಕೆ, ಈ ಮೂರನ್ನೂ ಇದ್ದದ್ದು ಇದ್ದ ಹಾಗೆ ಇಳಿಸಿಕೊಳ್ಳಲಿ. ಪಟ್ಟಿ ಬರೆಯುವ ಹುಡುಗನಿಗೆ ಅದು ಏನೆಂದು ಗೊತ್ತಾಗದಿದ್ದರೂ ಪರವಾಗಿಲ್ಲ. ಪುಣೆಯಲ್ಲೋ ಸಾರನಾಥದಲ್ಲೋ ಕೂತು ಪಟ್ಟಿ ಓದುವ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟಿನಲ್ಲಿ ಅರ್ಥಶಾಸ್ತ್ರ ಇದೆ ಎಂದು 1905ರಲ್ಲಿ ಗುರುತಿಸಿದ್ದು ಆರ್. ಶಾಮಾಶಾಸ್ತ್ರಿಗಳು. ಅವರು ಅಲ್ಲಿ ಕೂತು ಓದಿದ್ದರಿಂದ ಅದು ಸಿಕ್ಕಿತು. ಓದದೆ ಕಪಾಟಿನಲ್ಲಿಟ್ಟಿದ್ದರೆ ಅದೂ ‘ನೀತಿಶಾಸ್ತ್ರ, ಅಪೂರ್ಣ’ ಎಂಬ ಒಂದು ಸಾಲಾಗಿ ಉಳಿಯುತ್ತಿತ್ತೇನೋ.

ಎರಡನೆಯದು ಇನ್ನೂ ದೊಡ್ಡ ತೊಡಕು. 2003ರಲ್ಲಿ ಶುರುವಾದ ಹಸ್ತಪ್ರತಿ ಮಿಷನ್‌ನ ವ್ಯಾಖ್ಯೆ ನಿಮಗೆ ಬಾಯಿಪಾಠ ಇರುತ್ತದೆ. ಕೈಯಲ್ಲಿ ಬರೆದದ್ದಾಗಿರಬೇಕು. ಕನಿಷ್ಠ 75 ವರ್ಷ ಹಳೆಯದಿರಬೇಕು. ಅಚ್ಚಾದದ್ದು, ಕಲ್ಲಚ್ಚಿನದ್ದು ಹಸ್ತಪ್ರತಿ ಅಲ್ಲ. ಸಂಸ್ಕೃತಕ್ಕೆ, ಕನ್ನಡಕ್ಕೆ, ಪರ್ಶಿಯನ್‌ಗೆ ಇದು ಸರಿಹೋಗುತ್ತದೆ. ಟಿಬೆಟನ್‌ಗೆ ಸರಿಹೋಗುವುದಿಲ್ಲ.

ಯಾಕೆಂದರೆ ಟಿಬೆಟ್ಟಿನಲ್ಲಿ ಗ್ರಂಥ ಹರಡಿದ್ದು ಬಹುಪಾಲು ಮರದ ಅಚ್ಚಿನಿಂದ. ಒಂದು ಉದ್ದನೆಯ ಹಲಗೆಯ ಮೇಲೆ ಒಂದು ಪುಟದ ಅಕ್ಷರಗಳನ್ನೆಲ್ಲ ತಿರುಗುಮುರುಗಾಗಿ ಕೆತ್ತುತ್ತಾರೆ. ಮಸಿ ಹಚ್ಚಿ, ಕಾಗದ ಹಾಸಿ, ಉರುಳೆಯಿಂದ ಒತ್ತಿ ತೆಗೆಯುತ್ತಾರೆ. ಹೊಲಿಗೆ ಇಲ್ಲ, ಬೈಂಡಿಂಗ್ ಇಲ್ಲ. ಬಿಡಿಬಿಡಿ ಉದ್ದ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಕೆಳಗೆ ಹಲಗೆ ಇಟ್ಟು ಕಟ್ಟುತ್ತಾರೆ. ಅದನ್ನು ಪೇಚಾ ಅನ್ನುತ್ತಾರೆ. ನೋಡಿದರೆ ನಮ್ಮ ತಾಳೆಗರಿ ಕಟ್ಟಿನದೇ ಆಕಾರ. ಆ ಆಕಾರ ಬಂದದ್ದೇ ಭಾರತದ ತಾಳೆಗರಿಯಿಂದ. ಪೂರ್ವ ಟಿಬೆಟ್ಟಿನ ದೆರ್ಗೆಯಲ್ಲಿ ಕಂಗ್ಯುರ್, ಅಂದರೆ ಬುದ್ಧವಚನಗಳ ಟಿಬೆಟನ್ ಸಂಗ್ರಹ, ಕೆತ್ತಿದ್ದು ಹದಿನೆಂಟನೇ ಶತಮಾನದಲ್ಲಿ. ಅದು ನೂರಕ್ಕೂ ಜಾಸ್ತಿ ಸಂಪುಟ. ಅದರ ಜೊತೆಗಿನ ತೆಂಗ್ಯುರ್, ಅಂದರೆ ಪಂಡಿತರ ಶಾಸ್ತ್ರ, ವ್ಯಾಖ್ಯಾನಗಳ ಸಂಗ್ರಹ, ಇನ್ನೂರಕ್ಕೂ ಜಾಸ್ತಿ. ಆ ತೆಂಗ್ಯುರ್‌ನಲ್ಲಿರುವುದು ನಾಗಾರ್ಜುನ, ವಸುಬಂಧು, ದಿಙ್ನಾಗ, ಧರ್ಮಕೀರ್ತಿ, ಎಲ್ಲ ಇಲ್ಲಿಯವರೇ. ಅವರ ಎಷ್ಟೋ ಗ್ರಂಥಗಳ ಸಂಸ್ಕೃತ ಮೂಲ ಕಳೆದುಹೋಗಿದೆ, ಟಿಬೆಟನ್ ಅನುವಾದ ಮಾತ್ರ ಇದೆ. ನಾರ್ಥಾಂಗ್ ಮಠದಲ್ಲಿ ಕೂಡ ಕಂಗ್ಯುರ್‌ನ ಅಚ್ಚಿನ ಹಲಗೆಗಳಿದ್ದವು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಆ ಮಠ ನೆಲಸಮವಾಯಿತು, ಹಲಗೆಗಳು ಹೋದವು. ಈಗ ಉಳಿದಿರುವುದು ಆ ಹಲಗೆಯಿಂದ ಮೊದಲೇ ಒತ್ತಿದ್ದ ಪ್ರತಿಗಳು. ಅವುಗಳಲ್ಲಿ ಒಂದು ನಮ್ಮ ದೇಶದ ಯಾವುದೋ ಮಠದಲ್ಲಿ ಸಿಕ್ಕರೆ, ‘ಅಚ್ಚಾದದ್ದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸ್ ಬರಬೇಕೇ?

75 ವರ್ಷದ ಲೆಕ್ಕವನ್ನೂ ನೋಡಿ. 1959ರ ನಂತರ ಟಿಬೆಟನ್ನರು ಗಡಿ ದಾಟಿ ಬಂದಾಗ ಬೆನ್ನ ಮೇಲೆ ಹೊತ್ತು ತಂದವುಗಳಲ್ಲಿ ಪುಸ್ತಕವೂ ಇತ್ತು. ಆದರೆ ತರಲಾಗದೆ ಬಿಟ್ಟದ್ದೇ ಬಹಳ. ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಜೈಲಿನಲ್ಲಿ, ಭಿಕ್ಷುಗಳು ಹತ್ತು ವರ್ಷ ಇದ್ದುಕೊಂಡು ಓದು ಮುಂದುವರಿಸಿದರು. ಕ್ಷಯ ಬಂದು ಎಷ್ಟೋ ಜನ ತೀರಿಕೊಂಡರು. ಇದ್ದ ಕೆಲವೇ ಪ್ರತಿಗಳನ್ನು ಹಂಚಿಕೊಂಡು ಓದುವ ಕಾಲ. ಅಂಥ ದಿನಗಳಲ್ಲಿ ಕೈಯಲ್ಲಿ ನಕಲು ಮಾಡಿದ ಒಂದು ಪ್ರತಿ, 1965ರದ್ದು ಅಂದುಕೊಳ್ಳಿ, ನಿಮ್ಮ ಲೆಕ್ಕದಲ್ಲಿ ಹಸ್ತಪ್ರತಿ ಆಗುವುದು 2040ಕ್ಕೆ. ಅಲ್ಲಿಯವರೆಗೆ ಅದು ಏನು? ರದ್ದಿ ಕಾಗದವೇ? ಅದರ ಮೂಲ ಟಿಬೆಟ್ಟಿನಲ್ಲಿ ಸುಟ್ಟುಹೋಗಿದ್ದರೆ?

ಈ ಪ್ರಶ್ನೆ ಕರ್ನಾಟಕದ್ದೂ ಹೌದು. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಜಮೀನಿನಲ್ಲಿ ಬೈಲುಕುಪ್ಪೆಯ ವಸತಿ ಶುರುವಾಯಿತು. ಬಕ್ಸಾದಿಂದ ಬಂದ ಸೆರಾ ಮಠದವರು ಅಲ್ಲಿ ನೆಲೆಸಿದರು. ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಿಗೆ ಬಂದವು. ಹುಣಸೂರು ಕಡೆ, ಕೊಳ್ಳೇಗಾಲದ ಒಡೆಯರಪಾಳ್ಯದ ಕಡೆ ಇನ್ನೂ ವಸತಿಗಳಿವೆ. ಲ್ಹಾಸಾದ ಮೂರು ಮಹಾಮಠಗಳು ಇವತ್ತು ಹೊಸ ಜನ್ಮ ಪಡೆದಿರುವುದು ಕರ್ನಾಟಕದಲ್ಲಿ. ನಮ್ಮವರು ಭಾನುವಾರ ಗೋಲ್ಡನ್ ಟೆಂಪಲ್‌ಗೆ ಹೋಗಿ, ಫೋಟೋ ತೆಗೆದು, ಮೋಮೋ ತಿಂದು ಬರುತ್ತಾರೆ. ತಿನ್ನಲಿ, ತಪ್ಪೇನಿಲ್ಲ. ಆದರೆ ಆ ಮಠಗಳ ಗ್ರಂಥಾಲಯಗಳಲ್ಲಿ ಯಾವ ಗ್ರಂಥ ಇದೆ, ಯಾವುದು ಎಷ್ಟು ಹಳೆಯದು ಎಂಬ ಪಟ್ಟಿ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಯಾವ ಕಡತದಲ್ಲಿದೆ? ನಿಮ್ಮ ಕರ್ನಾಟಕ ಸಮೀಕ್ಷೆಯ ನಕ್ಷೆಯಲ್ಲಿ ಈ ಊರುಗಳು ಇವೆಯೇ?

ಇಲ್ಲೊಂದು ಮಾತು ಹೇಳಲೇಬೇಕು. ಸರ್ಕಾರಕ್ಕಿಂತ ಮೊದಲೇ ಈ ಕೆಲಸ ಬೇರೆಯವರು ಶುರುಮಾಡಿದ್ದಾರೆ, ಅದೂ ನಮ್ಮ ಗೋಧಿಯ ದುಡ್ಡಿನಲ್ಲಿ. ಅಮೆರಿಕದಿಂದ ಬರುತ್ತಿದ್ದ ಪಿಎಲ್ 480 ಗೋಧಿ ಹಿರಿಯರಿಗೆ ನೆನಪಿರುತ್ತದೆ. ಭಾರತ ಅದಕ್ಕೆ ರೂಪಾಯಿಯಲ್ಲಿ ಹಣ ಕೊಡುತ್ತಿತ್ತು. ಆ ರೂಪಾಯಿಯಲ್ಲಿ ಒಂದಿಷ್ಟನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇಲ್ಲಿನ ಪುಸ್ತಕ ಕೊಳ್ಳಲು ಬಳಸುತ್ತಿತ್ತು. 1968ರಲ್ಲಿ ಅದರ ದಿಲ್ಲಿ ಕಚೇರಿಗೆ ಸೇರಿದ ಜೀನ್ ಸ್ಮಿತ್ ಎಂಬ ವಿದ್ವಾಂಸ, ನಿರಾಶ್ರಿತರ ಹತ್ತಿರ ಉಳಿದಿದ್ದ ಅಪರೂಪದ ಟಿಬೆಟನ್ ಗ್ರಂಥಗಳು ಇಲ್ಲೇ ಮರುಮುದ್ರಣ ಆಗುವಂತೆ ನೋಡಿಕೊಂಡರು. ಆ ಪ್ರತಿಗಳನ್ನು ಅಮೆರಿಕದ ಗ್ರಂಥಾಲಯಗಳಿಗೆ ಕೊಂಡರು. 1999ರಲ್ಲಿ ಅವರೇ ಒಂದು ಸಂಸ್ಥೆ ಕಟ್ಟಿ ಈ ಗ್ರಂಥಗಳನ್ನು ಸ್ಕ್ಯಾನ್ ಮಾಡಿಸತೊಡಗಿದರು. ಇವತ್ತು ಅದು ಬುದ್ಧಿಸ್ಟ್ ಡಿಜಿಟಲ್ ರಿಸೋರ್ಸ್ ಸೆಂಟರ್ ಎಂಬ ಹೆಸರಿನಲ್ಲಿದೆ. ಟಿಬೆಟನ್ ಗ್ರಂಥ ಹುಡುಕುವ ಯಾರೇ ಆಗಲಿ ಮೊದಲು ಅಲ್ಲಿಗೇ ಹೋಗುತ್ತಾರೆ.

ಬೈಲುಕುಪ್ಪೆಯ ಸೆರಾ ಮೇ ಮಠದಲ್ಲಿ 1980ರ ದಶಕದ ಕೊನೆಗೇ ಕಂಪ್ಯೂಟರ್ ಬಂದಿತ್ತು. ಏಷಿಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್ ಎಂಬ ಯೋಜನೆಯಲ್ಲಿ ಅಲ್ಲಿಯವರು ಗ್ರಂಥಗಳನ್ನು ಅಕ್ಷರ ಅಕ್ಷರ ಟೈಪ್ ಮಾಡುತ್ತಿದ್ದರು. ಒಂದೇ ಗ್ರಂಥವನ್ನು ಇಬ್ಬರು ಬೇರೆ ಬೇರೆ ಟೈಪ್ ಮಾಡುವುದು, ಆಮೇಲೆ ಕಂಪ್ಯೂಟರ್ ಎರಡನ್ನೂ ಹೋಲಿಸಿ ವ್ಯತ್ಯಾಸ ತೋರಿಸುವುದು, ಅದನ್ನು ತಿದ್ದುವುದು. ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಟೈಪ್‌ರೈಟರ್ ಕುಟ್ಟುತ್ತಿದ್ದ ಕಾಲ ಅದು. ಅದೇ ಸೆರಾ ಮೇಯಲ್ಲಿ ಓದಿದ ಗೆಶೆ (ಮಠದ ಉನ್ನತ ಪದವಿ) ಲೋಬ್ಸಂಗ್ ಮೋನ್ಲಂ ಟಿಬೆಟನ್ ಫಾಂಟ್ ಮಾಡಿದರು, ಮುಂದೆ 2022ರಲ್ಲಿ 223 ಸಂಪುಟದ ಟಿಬೆಟನ್ ನಿಘಂಟು ಹೊರತಂದರು. ಕುಶಾಲನಗರದ ಪಕ್ಕದಲ್ಲೇ ಇಂಥ ಅನುಭವ ಇರುವಾಗ ಸಮೀಕ್ಷೆಯ ತರಬೇತಿಗೆ ಅವರನ್ನು ಕರೆಯದೆ ಬೇರೆ ಯಾರನ್ನು ಕರೆಯುತ್ತೀರಿ?

ಆದ್ದರಿಂದ ವ್ಯಾಖ್ಯೆಗೆ ಒಂದು ಸಾಲು ಸೇರಿಸಿ. ಮರದ ಅಚ್ಚಿನ ಪೇಚಾಗಳು, ಮತ್ತು ಮೂಲ ಕಳೆದುಹೋದ ಗ್ರಂಥಗಳ ಈಚಿನ ಕೈಬರಹದ ನಕಲುಗಳು ಕೂಡ ಮಿಷನ್ ವ್ಯಾಪ್ತಿಗೆ ಬರುತ್ತವೆ ಎಂದು. ಇದಕ್ಕೆ ಸಂಸತ್ತಿನ ಮಸೂದೆ ಬೇಕಾಗಿಲ್ಲ. ಒಂದು ಸುತ್ತೋಲೆ ಸಾಕು.

ಇನ್ನು ಒರೆಸುವ ವಿಷಯ. ಇದು ಚಿಕ್ಕದಾಗಿ ಕಾಣಬಹುದು, ಆದರೆ ಇದರಲ್ಲಿ ತಪ್ಪಿದರೆ ತಿದ್ದಲಾಗುವುದಿಲ್ಲ.

ನಮ್ಮ ಕಡೆ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುತ್ತಾರೆ. ಅಕ್ಷರ ಅಂದರೆ ಗೀರು. ಹಳೆಯ ಕಟ್ಟು ಬಂದರೆ ಮೃದು ಬ್ರಷ್‌ನಿಂದ ದೂಳು ತೆಗೆಯುತ್ತೇವೆ. ನಿಂಬೆಹುಲ್ಲಿನ ಎಣ್ಣೆ ತುಸು ಸವರಿದರೆ ಗರಿ ಮತ್ತೆ ಮೆದುವಾಗುತ್ತದೆ, ಹುಳುವೂ ದೂರ. ಆಮೇಲೆ ದೀಪದ ಮಸಿ ಹಚ್ಚಿ, ಬಟ್ಟೆಯಿಂದ ಒರೆಸುತ್ತೇವೆ. ಮೇಲಿನ ಮಸಿ ಹೋಗುತ್ತದೆ, ಗೀರಿನೊಳಗಿನದು ನಿಲ್ಲುತ್ತದೆ. ಕಣ್ಣಿಗೆ ಕಾಣದಿದ್ದ ಸಾಲು ಕಪ್ಪಗೆ ಎದ್ದು ಬರುತ್ತದೆ. ಆ ಗಳಿಗೆ ನೋಡಲು ಬಲು ಚೆಂದ. ಕನ್ನಡ, ತಮಿಳು, ಮಲಯಾಳಂ, ಒಡಿಯಾ ಗರಿ ಮೇಲೆ ಕೆಲಸ ಮಾಡಿದ ಎಲ್ಲರ ಕೈಗೂ ಇದು ಅಭ್ಯಾಸವಾಗಿರುತ್ತದೆ.

ಬಂಗಾಳ, ಬಿಹಾರ, ನೇಪಾಳದ ಬೌದ್ಧ ತಾಳೆಗರಿ ಹಾಗಲ್ಲ. ಅಲ್ಲಿ ಶ್ರೀತಾಳೆಯ ಗರಿಯ ಮೇಲೆ ಲೇಖನಿಯಿಂದ ಶಾಯಿಯಲ್ಲಿ ಬರೆದಿದ್ದಾರೆ. ಕೊರೆದಿಲ್ಲ. ಕೆಲವದರಲ್ಲಿ ನಡುವೆ ಬುದ್ಧನ, ತಾರೆಯ ಬಣ್ಣದ ಚಿತ್ರಗಳೂ ಇವೆ, ಹೆಬ್ಬೆರಳಿನಷ್ಟು ಅಗಲದ್ದು. ನಮ್ಮ ಅಭ್ಯಾಸದ ಕೈ ಅದರ ಮೇಲೆ ಎಣ್ಣೆಬಟ್ಟೆ ಆಡಿಸಿದರೆ ಎಂಟುನೂರು ವರ್ಷದ ಸಾಲು ಬಟ್ಟೆಗೆ ಬರುತ್ತದೆ. ಮಸಿ ಹಚ್ಚಿದರಂತೂ ಮುಗಿದೇ ಹೋಯಿತು. ಭೂರ್ಜಪತ್ರ ಮರದ ತೊಗಟೆ, ಪದರು ಪದರಾಗಿ ಬಿಟ್ಟುಕೊಳ್ಳುತ್ತದೆ. ಅದನ್ನು ಬಲವಂತವಾಗಿ ಚಪ್ಪಟೆ ಮಾಡಹೋದರೆ ಅಕ್ಷರವಿರುವ ಪದರೇ ಕಿತ್ತು ಬರುತ್ತದೆ. ನೇಪಾಳದ ಹಳದಿ ಕಾಗದಕ್ಕೆ ಹರಿತಾಳ ಬಳಿದಿರುತ್ತಾರೆ, ಹುಳು ತಿನ್ನದಿರಲಿ ಎಂದು. ಹರಿತಾಳ ಅಂದರೆ ಆರ್ಸೆನಿಕ್ ಇರುವ ವಿಷದ ಖನಿಜ. ಬರಿಗೈಯಲ್ಲಿ ಮುಟ್ಟಿ, ಬೆರಳು ನಾಲಿಗೆಗೆ ತಾಗಿಸಿ ಹಾಳೆ ತಿರುಗಿಸುವ ಅಭ್ಯಾಸದವರನ್ನು ಅಲ್ಲಿ ಕೂರಿಸಬೇಡಿ. ಕಡುನೀಲಿ ಕಾಗದದ ಮೇಲೆ ಬಂಗಾರ, ಬೆಳ್ಳಿಯಲ್ಲಿ ಬರೆದ ಪ್ರತಿಗಳೂ ಇವೆ. ಮಾಮೂಲಿ ಲೈಟಿಟ್ಟು ತೆಗೆದರೆ ಕೆಲವು ಅಕ್ಷರ ಹೊಳೆದು ಅಳಿಸಿದಂತಾಗುತ್ತವೆ, ಕೆಲವು ಕಾಗದದಷ್ಟೇ ಕಪ್ಪಾಗಿ ಕಾಣುತ್ತವೆ. ಲೈಟಿನ ಕೋನ ಬದಲಿಸಿ ಒಂದೇ ಪುಟವನ್ನು ಎರಡು ಸಲ ತೆಗೆಯಬೇಕು.

ಗುತ್ತಿಗೆ ಕರೆಯುವಾಗ ‘ಪುಟಕ್ಕೆ ಇಷ್ಟು ರೂಪಾಯಿ’ ಎಂದು ದರ ನಿಗದಿ ಮಾಡುತ್ತೀರಿ. ಗುತ್ತಿಗೆದಾರ ದಿನಕ್ಕೆ ಎಷ್ಟು ಪುಟ ಆಗುತ್ತದೆ ಎಂದೇ ನೋಡುತ್ತಾನೆ, ಅದು ಅವನ ಹೊಟ್ಟೆಪಾಡು. ಬಂಗಾರದ ಅಕ್ಷರದ ಪುಟಕ್ಕೂ ಲೆಡ್ಜರ್ ಪುಟಕ್ಕೂ ಒಂದೇ ದರ ಇಟ್ಟರೆ ಎರಡನೇ ಸಲ ಲೈಟು ಯಾರು ಹೊಂದಿಸುತ್ತಾರೆ?

ಲೆಕ್ಕದ ಮಾತಿಗೆ ಬಂದೆವಲ್ಲ, ಅದನ್ನೂ ಹೇಳಿಬಿಡುತ್ತೇನೆ. ‘ಇಷ್ಟು ಲಕ್ಷ ಪುಟ ಡಿಜಿಟಲ್ ಆಯಿತು’ ಎಂಬ ವರದಿ ನೋಡಿದಾಗಲೆಲ್ಲ ನನಗೆ ಒಂದು ಗ್ರಂಥಾಲಯದ ಕಪಾಟು ಕಣ್ಣಿಗೆ ಬರುತ್ತದೆ. ಹೆಸರು ಬೇಡ. ಅಲ್ಲಿ ಒಂದು ಗ್ರಂಥದ ಸ್ಕ್ಯಾನ್ ಕೇಳಿದೆ. ಇದೆ ಅಂದರು. ಡಿವಿಡಿಗಳ ಪೆಟ್ಟಿಗೆ ತಂದಿಟ್ಟರು. ಮೇಲೆ ಮಾರ್ಕರ್ ಪೆನ್ನಿನಲ್ಲಿ ನಂಬರ್ ಬಿಟ್ಟರೆ ಏನೂ ಇಲ್ಲ. ಡಿವಿಡಿ ಡ್ರೈವ್ ಇರುವ ಕಂಪ್ಯೂಟರ್ ಅವರ ಹತ್ತಿರ ಇರಲಿಲ್ಲ. ಹೊರಗಿನಿಂದ ಒಂದು ತಂದು ಹಾಕಿದಾಗ ಕೆಲವು ತಟ್ಟೆ ತೆರೆಯಲೇ ಇಲ್ಲ. ತೆರೆದದ್ದರಲ್ಲಿ ಸಾಲು ಸಾಲು ಚಿತ್ರಗಳು, ಎಲ್ಲಕ್ಕೂ ಕ್ಯಾಮೆರಾ ತಾನೇ ಕೊಟ್ಟ ಹೆಸರು. ಎಲ್ಲಿ ಒಂದು ಗ್ರಂಥ ಮುಗಿದು ಇನ್ನೊಂದು ಶುರುವಾಯಿತು ಎಂದು ತಿಳಿಯಲು ಒಂದೊಂದನ್ನೂ ತೆರೆದು ಓದಬೇಕು. ವರದಿಯಲ್ಲಿ ಅವೆಲ್ಲ ‘ಪೂರ್ಣಗೊಂಡಿದೆ’ ಎಂದೇ ಇರುತ್ತವೆ. ಅದರಲ್ಲಿ ಸುಳ್ಳೂ ಇಲ್ಲ.

ಮಸುಕಾದ ಫೋಟೋ ಎಷ್ಟು ದುಬಾರಿ ಎಂಬುದಕ್ಕೆ ಹಿಂದಿ ಲೇಖಕ, ಬೌದ್ಧ ವಿದ್ವಾಂಸ ರಾಹುಲ ಸಾಂಕೃತ್ಯಾಯನರ ಕಥೆ ಸಾಕು. 1929ರಿಂದ 1938ರ ನಡುವೆ ಅವರು ನಾಲ್ಕು ಸಲ ಟಿಬೆಟ್‌ಗೆ ಹೋದರು. ಮೊದಲ ಸಲ ಹೇಸರಗತ್ತೆಗಳ ಮೇಲೆ ಗ್ರಂಥ ಹೇರಿಕೊಂಡು ಬಂದರು. ಮುಂದಿನ ಸಲ ಶಾಲು, ಙೋರ್, ಸಾಕ್ಯ ಮಠಗಳಲ್ಲಿ ಭಾರತದಿಂದ ಹೋಗಿದ್ದ ಸಂಸ್ಕೃತ ತಾಳೆಗರಿಗಳನ್ನು ಕಂಡರು. ಧರ್ಮಕೀರ್ತಿಯ ಪ್ರಮಾಣವಾರ್ತಿಕದ ಸಂಸ್ಕೃತ ಮೂಲ ಮತ್ತೆ ಲೋಕಕ್ಕೆ ಸಿಕ್ಕಿದ್ದು ಆ ಓಡಾಟದಿಂದ. ದುಡ್ಡಿಲ್ಲ, ಸಲಕರಣೆ ಇಲ್ಲ. ಸಿಕ್ಕಷ್ಟು ಕೈಯಲ್ಲಿ ಬರೆದುಕೊಂಡರು, ಸಿಕ್ಕಷ್ಟು ಫೋಟೋ ತೆಗೆದರು. ಕೆಲವು ಮಸುಕಾಗಿ ಬಂದವು. ಆಮೇಲೆ ಟಿಬೆಟ್ಟಿನ ಬಾಗಿಲು ಮುಚ್ಚಿತು. ಮೂಲ ಗರಿ ನೋಡುವ ಅವಕಾಶ ದಶಕಗಟ್ಟಲೆ ಸಿಗಲಿಲ್ಲ. ಪಾಟ್ನಾದಲ್ಲಿಟ್ಟ ಆ ಫೋಟೋಗಳ ನಕಲನ್ನು ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾಲಯದವರು ಇಟ್ಟುಕೊಂಡು, ಪಟ್ಟಿ ಮಾಡಿ, ವಿದ್ವಾಂಸರಿಗೆ ಒದಗಿಸಿದರು. ಕಾಣದ ಅಕ್ಷರಕ್ಕಾಗಿ ಕಣ್ಣು ಕಿರಿದು ಮಾಡಿ ಕೂತವರು ಎರಡು ಮೂರು ತಲೆಮಾರು. ರಾಹುಲರನ್ನು ದೂರುವ ಮಾತೇ ಇಲ್ಲ. ಆ ಚಳಿಯಲ್ಲಿ, ಆ ಕ್ಯಾಮೆರಾದಲ್ಲಿ ಅಷ್ಟು ಮಾಡಿದ್ದೇ ದೊಡ್ಡದು. ಆದರೆ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ತೆಗೆಯುವ ನಾವು ಮಸುಕು ತೆಗೆದರೆ ನಮ್ಮ ಹತ್ತಿರ ಯಾವ ನೆಪವೂ ಇಲ್ಲ.

ನೇಪಾಳದ ಉದಾಹರಣೆಯೂ ಇದೆ. ನೇಪಾಳ–ಜರ್ಮನ್ ಯೋಜನೆಯವರು 1970ರಿಂದ 2001ರವರೆಗೆ ಸುಮಾರು 1,80,000 ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮ್ ಮಾಡಿದರು. ಕಠ್ಮಂಡು ಕಣಿವೆಯ ಬೌದ್ಧ ಪುರೋಹಿತರ ಮನೆಮನೆಗಳಲ್ಲಿದ್ದ ಗ್ರಂಥಗಳೂ ಅದರಲ್ಲಿ ಸೇರಿವೆ. ಅದು ಮುಗಿದಮೇಲೆ ಏನು ಮಾಡಿದರು? ಸೂಚಿ ತಯಾರಿಸಲು ಎಂದೇ ಬೇರೆ ಯೋಜನೆ ಹಾಕಿಕೊಂಡು 2014ರವರೆಗೆ ಕೂತರು. ಹನ್ನೆರಡು ವರ್ಷ ಬರೀ ಓದಿ ಪಟ್ಟಿ ಮಾಡುವುದಕ್ಕೆ. 2015ರ ಭೂಕಂಪದಲ್ಲಿ ಕಣಿವೆಯ ಎಷ್ಟು ಹಳೆಯ ಮನೆಗಳು, ಬಹಾಲಗಳು (ಅಂಗಳವಿರುವ ಹಳೆಯ ವಿಹಾರಗಳು) ಕುಸಿದವು ಎಂದು ಎಲ್ಲರೂ ನೋಡಿದ್ದೇವೆ. ಯಾವ ಗ್ರಂಥದ ಚಿತ್ರ ನಮ್ಮ ಹತ್ತಿರ ಇದೆ ಎಂದು ಆ ದಿನ ಹೇಳಲು ಅವರ ಹತ್ತಿರ ಒಂದು ಸೂಚಿ ಇತ್ತು. ನಿಮ್ಮ ಬಜೆಟ್‌ನಲ್ಲಿ ಓದಿ ಸೂಚಿ ಬರೆಯುವವರ ಸಂಬಳಕ್ಕೆ ಎಷ್ಟು ಇಟ್ಟಿದ್ದೀರಿ? ಸ್ಕ್ಯಾನರ್‌ಗೆ ಇಟ್ಟಷ್ಟಾದರೂ ಇರಲಿ. ನೇವಾರಿ, ರಂಜನಾ, ಶಾರದಾ, ಟಿಬೆಟ್ಟಿನ ಉಚೆನ್, ಉಮೆ ಲಿಪಿ ಓದಬಲ್ಲ ಹತ್ತು ಹುಡುಗ ಹುಡುಗಿಯರನ್ನು ಕರ್ನಾಟಕದಲ್ಲೇ ತಯಾರು ಮಾಡಬಹುದು. ಮೈಸೂರಿನಲ್ಲಿ, ಹಂಪಿಯಲ್ಲಿ ಲಿಪಿಶಾಸ್ತ್ರ ಓದಿದವರಿದ್ದಾರೆ. ಟಿಬೆಟನ್ ಹೇಳಿಕೊಡಲು ಬೈಲುಕುಪ್ಪೆಗೆ ಕೆಂಪು ಬಸ್ಸಿದೆ.

ಚಿತ್ರಗಳನ್ನು ಎಲ್ಲಿಡುತ್ತೀರಿ ಎಂಬುದನ್ನೂ ಈಗಲೇ ಹೇಳಿಬಿಡಿ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಯಿತು. ಅಷ್ಟು ದೊಡ್ಡ ಸಂಸ್ಥೆ, ಆದರೂ ಅವರ ಡಿಜಿಟಲ್ ಹಸ್ತಪ್ರತಿಗಳು ಬಹಳ ಕಾಲ ಯಾರಿಗೂ ಸಿಗಲಿಲ್ಲ. ದಿಲ್ಲಿಯ ಒಂದೇ ಸರ್ವರ್ ನೆಚ್ಚಿಕೊಳ್ಳಬೇಡಿ. ಒಂದು ಪ್ರತಿ ರಾಜ್ಯದಲ್ಲಿರಲಿ, ಒಂದು ಗ್ರಂಥದ ಮಾಲೀಕರಿಗೆ ಕೊಡಿ. ಕುಗ್ಗಿಸಿದ ಪಿಡಿಎಫ್ ಕೊಟ್ಟು ಕೈತೊಳೆದುಕೊಳ್ಳಬೇಡಿ, ಪೂರ್ತಿ ಗುಣಮಟ್ಟದ ಟಿಫ್ ಫೈಲ್ ಕೊಡಿ. ಪ್ರತಿ ಚಿತ್ರದಲ್ಲಿ ಅಳತೆಪಟ್ಟಿ, ಬಣ್ಣದ ಪಟ್ಟಿ ಕಾಣಲಿ. ಖಾಲಿ ಗರಿ, ಮೇಲಿನ ಹಲಗೆ, ಸುತ್ತಿದ ಬಟ್ಟೆ ಎಲ್ಲವನ್ನೂ ತೆಗೆಯಿರಿ. ಸಾರ್ವಜನಿಕರ ದುಡ್ಡಿನಲ್ಲಿ ತೆಗೆದ ಚಿತ್ರ ನೋಡಲು ಅರ್ಜಿ, ಶಿಫಾರಸು ಪತ್ರ, ಖುದ್ದು ಹಾಜರಿ ಕೇಳಬೇಡಿ.

ಇದಕ್ಕೊಂದು ವಿನಾಯಿತಿ ಇದೆ, ಅದನ್ನು ಗೌರವಿಸಲೇಬೇಕು. ಕೆಲವು ತಂತ್ರಗ್ರಂಥಗಳನ್ನು ದೀಕ್ಷೆ ಇಲ್ಲದವರು ಓದಬಾರದು ಎಂಬ ಕಟ್ಟುಪಾಡು ಟಿಬೆಟನ್ ಮಠಗಳಲ್ಲೂ, ನೇಪಾಳದ ವಜ್ರಾಚಾರ್ಯ ಪುರೋಹಿತರಲ್ಲೂ ಇದೆ. ಅವನ್ನು ಸ್ಕ್ಯಾನ್ ಮಾಡಿ ಭದ್ರವಾಗಿಡೋಣ, ಯಾರಿಗೆ ತೆರೆಯಬೇಕು ಎಂದು ಮಠವೇ ಹೇಳಲಿ. ಇದನ್ನು ಬರಹದಲ್ಲಿ, ಅವರ ಭಾಷೆಯಲ್ಲಿ, ಕಟ್ಟು ಬಿಚ್ಚುವ ಮೊದಲೇ ಒಪ್ಪಂದ ಮಾಡಿಕೊಳ್ಳಿ. ನಮ್ಮ ಮಠ, ಮನೆತನದವರು ಗ್ರಂಥ ತೋರಿಸಲು ಹಿಂಜರಿಯುವುದು ಯಾಕೆಂದು ಈ ಕೆಲಸದಲ್ಲಿದ್ದವರಿಗೆ ಗೊತ್ತು. ‘ತಗೊಂಡು ಹೋದವರು ವಾಪಸ್ ತರಲಿಲ್ಲ’ ಎಂಬ ಮಾತು ಕೇಳದ ಊರಿಲ್ಲ. ನಿರಾಶ್ರಿತರಾಗಿ ಬಂದವರಿಗೆ ಈ ಭಯ ಇನ್ನೂ ಜಾಸ್ತಿ ಇದ್ದರೆ ತಪ್ಪೇ? ಗ್ರಂಥ ಮಠ ಬಿಟ್ಟು ಹೊರಗೆ ಹೋಗಬಾರದು. ಕ್ಯಾಮೆರಾ ಅಲ್ಲಿಗೆ ಹೋಗಲಿ.

ನನಗೆ ಬೇಕಾದ ಉತ್ತರ ಮೂರು ವಿಷಯಕ್ಕೆ. ಮರದ ಅಚ್ಚಿನ ಪೇಚಾಗಳನ್ನೂ ಈಚಿನ ನಕಲುಗಳನ್ನೂ ಮಿಷನ್ ಒಳಗೆ ತೆಗೆದುಕೊಳ್ಳುತ್ತೀರಾ? ಬೈಲುಕುಪ್ಪೆ, ಮುಂಡಗೋಡ, ಹುಣಸೂರು, ಒಡೆಯರಪಾಳ್ಯ ಕರ್ನಾಟಕದ ಸಮೀಕ್ಷೆಯಲ್ಲಿ ಇವೆಯೇ, ಇದ್ದರೆ ತಂಡ ಯಾವಾಗ ಹೋಗುತ್ತದೆ? ಬಸದಿ, ಮಠಗಳ ಕಟ್ಟುಗಳಲ್ಲಿ ಗ್ರಂಥಕ್ಕೊಂದು ಸಾಲು ಬರೆಯಿರಿ ಎಂಬ ಆದೇಶ ಹೊರಡಿಸುತ್ತೀರಾ?

ಉತ್ತರವನ್ನು ನನಗೊಬ್ಬನಿಗೆ ಕಳಿಸಬೇಡಿ, ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಕನ್ನಡದಲ್ಲಿರಲಿ, ಟಿಬೆಟನ್‌ನಲ್ಲೂ ಒಂದು ಪ್ರತಿ ಇರಲಿ. ಮಠದ ಗ್ರಂಥಪಾಲಕರು ಓದುವುದು ಅದನ್ನೇ.

ಇಂತಿ,
ಮೈಸೂರಿನ ಒಬ್ಬ ಹಸ್ತಪ್ರತಿ ಕೆಲಸಗಾರ